ಪ್ರೊಸೆಸರ್ ಈಗ ಸರಿಯಾಗಿ ಆರಿಸಿ, ಗ್ರಾಫಿಕ್ಸ್ ಕಾರ್ಡ್ ಆಮೇಲೂ ಹಾಕಬಹುದು

ಪ್ರಶ್ನೆ: ನಾವು ಡೊಂಬಿವಲಿಯವರು. ನಾನು ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ರಜೆಯ ದಿನಗಳಲ್ಲಿ ಮುಂಬೈಯ ಕನ್ನಡ ಸಂಘಗಳ ಕಾರ್ಯಕ್ರಮ, ಯಕ್ಷಗಾನ, ತಾಳಮದ್ದಲೆಗಳ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ಎಡಿಟಿಂಗ್ ಪ್ರೀಮಿಯರ್ ಪ್ರೊದಲ್ಲಿ. ಹಳೆಯ ಲ್ಯಾಪ್‌ಟಾಪ್ ಇನ್ನು ಏಳುವುದಿಲ್ಲ. ಮಗ ಹನ್ನೊಂದನೇ ಕ್ಲಾಸು, ಅವನಿಗೆ ವ್ಯಾಲರಂಟ್, ಜಿಟಿಎ ಆಡಬೇಕು. ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿ ಎರಡು ಕೊಟೇಶನ್ ತಂದಿದ್ದೇನೆ. ಒಂದರಲ್ಲಿ ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಜಿಟಿ 730 4 ಜಿಬಿ ಕಾರ್ಡ್, 34 ಸಾವಿರ. ಇನ್ನೊಂದರಲ್ಲಿ ಐ5-12400ಎಫ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 3050 6 ಜಿಬಿ, 68 ಸಾವಿರ. ಮಾನಿಟರ್ ಇದೆ. 70 ಸಾವಿರ ದಾಟಲು ಆಗುವುದಿಲ್ಲ. ಐ7 ಇದ್ದೂ ಅರ್ಧ ಬೆಲೆಗೆ ಸಿಗುವಾಗ ಐ5ಕ್ಕೆ ಯಾಕೆ ಅಷ್ಟು ಕೊಡಬೇಕು ಎನ್ನುತ್ತಾರೆ ಮನೆಯವರು. ಯಾವುದು ತೆಗೆದುಕೊಳ್ಳಲಿ?

ಉತ್ತರ: ಎರಡೂ ಬೇಡ. ಮೊದಲನೆಯದನ್ನಂತೂ ಯಾವ ಕಾರಣಕ್ಕೂ ತೆಗೆದುಕೊಳ್ಳಬೇಡಿ. ಎರಡನೆಯದು ಕೆಟ್ಟದ್ದೇನೂ ಅಲ್ಲ, ಆದರೆ ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ.

ನೀವು ಕಳಿಸಿದ ಕೊಟೇಶನ್ ಫೋಟೊ ದೊಡ್ಡದು ಮಾಡಿ ನೋಡಿದೆ. ಮೊದಲನೆಯದರಲ್ಲಿ ಐ7 ಅಂತ ಇದೆ, ಪಕ್ಕದಲ್ಲಿ ನಂಬರೇ ಇಲ್ಲ. ಆದರೆ ಅದರ ಕೆಳಗಿನ ಸಾಲಿನಲ್ಲಿ ಮದರ್‌ಬೋರ್ಡ್ 'ಎಚ್81' ಅಂತ ಬರೆದಿದ್ದಾರೆ. ಅಷ್ಟು ಸಾಕು. ಎಚ್81 ಬೋರ್ಡಿನಲ್ಲಿ ಕೂರುವುದು ಇಂಟೆಲ್‌ನ ನಾಲ್ಕನೇ ಜನರೇಶನ್ ಪ್ರೊಸೆಸರ್. ಅಂದರೆ 2013ರ ಕಾಲದ್ದು. ಬೋರ್ಡ್ ಹೊಸ ಡಬ್ಬಿಯಲ್ಲಿ ಬರಬಹುದು. ಪ್ರೊಸೆಸರ್ ಮಾತ್ರ ಯಾವುದೋ ಆಫೀಸಿನ ಹಳೆ ಮಷೀನಿನಿಂದ ಬಿಚ್ಚಿದ್ದು. ಆ ಕಾಲದ ಐ7-4770ರಲ್ಲಿ ಇರುವುದು 4 ಕೋರ್, 8 ಥ್ರೆಡ್. ಕೋರ್ ಅಂದರೆ ಲೆಕ್ಕ ಮಾಡುವ ಘಟಕ, ಥ್ರೆಡ್ ಅಂದರೆ ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು. 2022ರ ಐ3-12100ರಲ್ಲೂ 4 ಕೋರ್, 8 ಥ್ರೆಡ್ ಇವೆ, ಮತ್ತು ಒಂದೊಂದು ಕೋರೂ ಆ ಹಳೆ ಐ7ನ ಕೋರಿಗಿಂತ ಎಷ್ಟೋ ಚುರುಕು. ಇವತ್ತಿನ ಐ3 ಅಂದಿನ ಐ7 ಅನ್ನು ಹಿಂದೆ ಹಾಕುತ್ತದೆ. ಮನೆಯವರಿಗೆ ಇದನ್ನೇ ಹೇಳಿ.

ತೊಂದರೆ ವೇಗದ್ದು ಮಾತ್ರ ಅಲ್ಲ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಂಟನೇ ಜನರೇಶನ್ ಮತ್ತು ಅದರ ನಂತರದವನ್ನು ಮಾತ್ರ ವಿಂಡೋಸ್ 11 ಅಧಿಕೃತವಾಗಿ ಒಪ್ಪುತ್ತದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಗಡಿಯವರು ಹೇಗೋ ಮಾಡಿ 11 ಹಾಕಿಕೊಡುತ್ತಾರೆ, ಅದು ಕಷ್ಟದ ಕೆಲಸವಲ್ಲ. ಆದರೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ವ್ಯವಸ್ಥೆಗಳೂ ಇರಬೇಕು. ಆ ಹಳೆ ಬೋರ್ಡಿನಲ್ಲಿ ನಿಮ್ಮ ಮಗ ಆಟ ಹಾಕಿಕೊಂಡು ಎರರ್ ನೋಡುತ್ತಾ ಕೂರಬೇಕಾಗುತ್ತದೆ.

ಅದರ ಜೊತೆಗಿನ ಜಿಟಿ 730 ಕಾರ್ಡ್ ಕೂಡ 2014ರದ್ದು. '4 ಜಿಬಿ' ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಹೆಚ್ಚಾಗಿ ಅದು ನಿಧಾನದ ಡಿಡಿಆರ್3 ಮೆಮೊರಿ, ಮತ್ತು ಅಷ್ಟು ಮೆಮೊರಿಯನ್ನು ತುಂಬಿಸಿ ಕೆಲಸ ತೆಗೆಯುವ ಶಕ್ತಿ ಆ ಚಿಪ್ಪಿಗೇ ಇಲ್ಲ. ಈಗಿನ ಇಂಟೆಲ್ ಪ್ರೊಸೆಸರ್ ಒಳಗೇ ಬರುವ ಗ್ರಾಫಿಕ್ಸ್ ಇದಕ್ಕಿಂತ ಕಡಿಮೆಯೇನಲ್ಲ. ಹೊಸ ಬಗೆಯ ವಿಡಿಯೊಗಳ ವಿಷಯದಲ್ಲಂತೂ ಇದಕ್ಕಿಂತ ಬಹಳ ಮುಂದಿದೆ. ಕಾರ್ಡಿನ ಜಿಬಿ ನೋಡಿ ಕಾರ್ಡ್ ಕೊಳ್ಳಬಾರದು.

ಇನ್ನು ಎರಡನೆಯ ಕೊಟೇಶನ್. ಇಲ್ಲಿ ನಾನು ನಿಮ್ಮನ್ನು ತಡೆಯುವುದು ಒಂದೇ ಒಂದು ಅಕ್ಷರಕ್ಕಾಗಿ. 12400ರ ಕೊನೆಯಲ್ಲಿರುವ 'ಎಫ್'.

ಐ5-12400 ಅಂದರೆ 12ನೇ ಜನರೇಶನ್, ಅದರಲ್ಲಿ 400ರ ದರ್ಜೆ. ಐ5-14500 ಅಂದರೆ 14ನೇ ಜನರೇಶನ್, 500ರ ದರ್ಜೆ. ಕೊನೆಯಲ್ಲಿ ಎಫ್ ಇದ್ದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಬೆಲೆ ಸ್ವಲ್ಪ ಕಡಿಮೆ ಇರುತ್ತದೆ. ಬರೀ ಗೇಮ್ ಆಡುವವರಿಗೆ ಅದು ಒಳ್ಳೆಯ ಉಳಿತಾಯ, ಹೇಗೂ ಕಾರ್ಡ್ ಹಾಕುತ್ತಾರೆ ಅಲ್ವಾ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯಲ್ಲಿ ಲೆಕ್ಕ ಬೇರೆ. ಹಳೆಯ ಎಎಂ4 ಸಾಲಿನ ರೈಜೆನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಹೊಸ ಎಎಂ5 ಸಾಲಿನ 7600ರಲ್ಲಿ ಪರದೆ ಬೆಳಗಲು ಸಾಕಾಗುವಷ್ಟು ಸಣ್ಣ ಗ್ರಾಫಿಕ್ಸ್ ಇದೆ, 7500ಎಫ್‌ನಲ್ಲಿ ಇಲ್ಲ. 8600ಜಿಯಲ್ಲಿ ಸಾಕಷ್ಟು ಗಟ್ಟಿಯಾದದ್ದೇ ಇದೆ. ಅಂಗಡಿಯಲ್ಲಿ ಪೂರ್ತಿ ನಂಬರ್, ಕೊನೆಯ ಅಕ್ಷರದ ಸಮೇತ, ಬರೆಸಿಕೊಳ್ಳದೆ ಮುಂದಿನ ಮಾತಿಗೆ ಹೋಗಬೇಡಿ.

ನಿಮಗೆ ಆ ಒಳಗಿನ ಗ್ರಾಫಿಕ್ಸ್ ಯಾಕೆ ಬೇಕು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಕ್ಯಾಮೆರಾ ವಿಡಿಯೊವನ್ನು ಬಿಗಿಯಾಗಿ ಒತ್ತಿ ಮಡಚಿ ಫೈಲಿನಲ್ಲಿ ಇಡುತ್ತದೆ. ಎಚ್.264, ಎಚ್‌ಇವಿಸಿ ಅನ್ನುವುದು ಹಾಗೆ ಮಡಚುವ ವಿಧಾನಗಳು. ಪ್ರೀಮಿಯರ್‌ನಲ್ಲಿ ನೀವು ಟೈಮ್‌ಲೈನ್ ಎಳೆದಾಗಲೆಲ್ಲ ಆ ಮಡಿಕೆಯನ್ನು ಬಿಚ್ಚಬೇಕು, ಒಂದು ಸೆಕೆಂಡಿಗೆ 25 ಅಥವಾ 50 ಫ್ರೇಮ್. ಭಾಗವತರ ಪದ ಎಲ್ಲಿ ಶುರುವಾಯಿತು ಅಂತ ಹುಡುಕಲು ಹಿಂದೆ ಮುಂದೆ ಎಳೆಯುವಾಗ ಚಿತ್ರ ಗಕ್ಕನೆ ನಿಂತುಬಿಡುತ್ತದಲ್ಲ, ಅದಕ್ಕೆ ಹೆಚ್ಚಾಗಿ ಕಾರಣ ಈ ಬಿಚ್ಚುವ ಕೆಲಸ. ಇಂಟೆಲ್ ತನ್ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಈ ಕೆಲಸಕ್ಕೆಂದೇ ಬೇರೆ ಭಾಗವೊಂದನ್ನು ಇಟ್ಟಿದೆ. ಅದರ ಹೆಸರು ಕ್ವಿಕ್ ಸಿಂಕ್. ಪ್ರೀಮಿಯರ್ ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಎಫ್ ಇರುವ ಪ್ರೊಸೆಸರ್ ತೆಗೆದುಕೊಂಡರೆ ಕ್ವಿಕ್ ಸಿಂಕ್ ಕೂಡ ಹೋಯಿತು.

'ಕಾರ್ಡ್ ಇದೆಯಲ್ಲ, ಅದು ಬಿಚ್ಚುವುದಿಲ್ಲವಾ?' ಅಂತ ಕೇಳಬಹುದು. ಬಿಚ್ಚುತ್ತದೆ, ಆದರೆ ಎಲ್ಲವನ್ನೂ ಅಲ್ಲ. ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ರೆಕಾರ್ಡಿಂಗ್ ಸೆಟ್ಟಿಂಗ್ ತೆರೆದು ನೋಡಿ. '4:2:2 10 ಬಿಟ್' ಅಂತ ಇದೆಯಾ? ಈಚಿನ ಹಲವು ಕ್ಯಾಮೆರಾಗಳಲ್ಲಿ ಇರುತ್ತದೆ, ಬಣ್ಣದ ವಿವರ ಜಾಸ್ತಿ ಉಳಿಯುತ್ತದೆ. ವೇಷದ ಬಣ್ಣ, ರಂಗದ ದೀಪ ಸರಿಪಡಿಸುವಾಗ ಇದು ತುಂಬ ಅನುಕೂಲ. ಈ ಬಗೆಯ ಎಚ್‌ಇವಿಸಿ ವಿಡಿಯೊವನ್ನು ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ 11ನೇ ಜನರೇಶನ್ನಿನಿಂದಲೇ ಬಿಚ್ಚುತ್ತಿದೆ. ಎನ್‌ವಿಡಿಯಾ ಕಾರ್ಡುಗಳಲ್ಲಿ ಇದು ಬಂದದ್ದು 2025ರ ಆರ್‌ಟಿಎಕ್ಸ್ 50 ಸಾಲಿನಲ್ಲಿ. 3050ರಲ್ಲಿ ಇಲ್ಲ, 4060ರಲ್ಲೂ ಇಲ್ಲ. ಹಾಗಾಗಿ ಆ 68 ಸಾವಿರದ ಮಷೀನಿನಲ್ಲಿ ಇಂಥ ವಿಡಿಯೊ ಹಾಕಿದರೆ ಪೂರ್ತಿ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಕಾರ್ಡ್ ಸುಮ್ನೆ ಕೂತಿರುತ್ತದೆ. ಎಫ್ ಇಲ್ಲದ ಪ್ರೊಸೆಸರ್ ತೆಗೆದುಕೊಂಡು ಕಾರ್ಡ್ ಬಿಟ್ಟಿದ್ದರೆ ಅದಕ್ಕಿಂತ ಕಡಿಮೆ ಹಣದಲ್ಲಿ ಕೆಲಸ ಸಲೀಸಾಗಿ ನಡೆಯುತ್ತಿತ್ತು.

ಇನ್ನೂ ಒಂದು ಸಣ್ಣ ವಿಷಯ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 12400, 13400, 14400 ಇವುಗಳಲ್ಲಿ ಇರುವುದು ಯುಎಚ್‌ಡಿ 730 ಗ್ರಾಫಿಕ್ಸ್. 12500, 13500, 14500ರಲ್ಲಿ ಯುಎಚ್‌ಡಿ 770. ಗೇಮಿಗೆ ಇವೆರಡರ ನಡುವೆ ಹೇಳಿಕೊಳ್ಳುವಷ್ಟು ವ್ಯತ್ಯಾಸ ಇಲ್ಲ. ಆದರೆ ವಿಡಿಯೊ ಬಿಚ್ಚುವ, ಮಡಚುವ ಎಂಜಿನ್ 730ರಲ್ಲಿ ಒಂದು, 770ರಲ್ಲಿ ಎರಡು. ರಂಗದ ಎದುರು ಒಂದು ಕ್ಯಾಮೆರಾ, ಹಿಮ್ಮೇಳದ ಕಡೆಗೆ ಇನ್ನೊಂದು ಇಟ್ಟು ಎರಡನ್ನೂ ಒಟ್ಟಿಗೆ ಎಡಿಟ್ ಮಾಡುವವರಿಗೆ ಇದು ನೆರವಾಗುತ್ತದೆ.

ಆದ್ದರಿಂದ ನನ್ನ ಆಯ್ಕೆ ಐ5-14500. ಎಫ್ ಇಲ್ಲದ್ದು, ಕೆ ಇಲ್ಲದ್ದು. 6 ದೊಡ್ಡ ಕೋರ್, 8 ಸಣ್ಣ ಕೋರ್, ಒಟ್ಟು 20 ಥ್ರೆಡ್. ಎಕ್ಸ್‌ಪೋರ್ಟ್ ಮಾಡುವಾಗ ಆ ಸಣ್ಣ ಕೋರುಗಳೂ ದುಡಿಯುತ್ತವೆ. 12400ರಲ್ಲಿ 6 ಕೋರ್, 12 ಥ್ರೆಡ್ ಮಾತ್ರ. 14500 ಸಿಗದಿದ್ದರೆ 13500. ಹಣ ಹೊಂದದಿದ್ದರೆ 14400ಕ್ಕೆ ಇಳಿಯಿರಿ, ಎಫ್‌ಗೆ ಮಾತ್ರ ಇಳಿಯಬೇಡಿ.

ಮತ್ತು ಈಗಲೇ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳಬೇಡಿ.

ಮಗ ಮುಖ ಸಣ್ಣ ಮಾಡುತ್ತಾನೆ, ಗೊತ್ತು. ಆದರೆ ಲೆಕ್ಕ ನೋಡಿ. ಡೆಸ್ಕ್‌ಟಾಪಿನಲ್ಲಿ ಅತಿ ಸುಲಭವಾಗಿ ಆಮೇಲೆ ಸೇರಿಸಬಹುದಾದದ್ದು ಕಾರ್ಡೇ. ಎರಡು ಸ್ಕ್ರೂ, ಒಂದು ಪವರ್ ಕೇಬಲ್, ಕೆಲಸ ಮುಗಿಯಿತು. ಪ್ರೊಸೆಸರ್, ಬೋರ್ಡ್ ಬದಲಿಸುವುದೆಂದರೆ ಅರ್ಧ ಮಷೀನ್ ಬಿಚ್ಚಿದಂತೆ. 70 ಸಾವಿರದಲ್ಲಿ ಎರಡನ್ನೂ ಒಟ್ಟಿಗೆ ತುರುಕಿದರೆ ಪ್ರೊಸೆಸರೂ ಅರೆಬರೆ, ಕಾರ್ಡೂ ಅರೆಬರೆ. ಆ 3050 6 ಜಿಬಿಯನ್ನೇ ನೋಡಿ. 2022ರಲ್ಲಿ ಬಂದ 3050ಕ್ಕೆ 8 ಜಿಬಿ ಮೆಮೊರಿ ಇತ್ತು. 2024ರಲ್ಲಿ ಅದೇ ಹೆಸರಿನಲ್ಲಿ 6 ಜಿಬಿಯದ್ದು ಬಂತು. ಮೆಮೊರಿ ಮಾತ್ರ ಕಡಿಮೆಯಾದದ್ದಲ್ಲ, ಒಳಗಿನ ಕೋರುಗಳನ್ನೂ 2560ರಿಂದ 2304ಕ್ಕೆ ಇಳಿಸಿದ್ದಾರೆ. ಹೆಸರು ಒಂದೇ, ಕಾರ್ಡ್ ಬೇರೆ. ಬೇರೆ ಪವರ್ ಕೇಬಲ್ ಬೇಡದ 70 ವ್ಯಾಟ್ ಕಾರ್ಡ್ ಅದು. ಹಳೆಯ ಬ್ರ್ಯಾಂಡೆಡ್ ಆಫೀಸ್ ಡೆಸ್ಕ್‌ಟಾಪಿಗೆ ಹಾಕಲು ಒಳ್ಳೆಯದು. ಹೊಸ ಮಷೀನಿಗೆ ಅದನ್ನೇ ಹಾಕಿಕೊಂಡರೆ ಎರಡು ವರ್ಷದಲ್ಲಿ ಮತ್ತೆ ಬದಲಿಸುವ ಮಾತು ಬರುತ್ತದೆ.

ವ್ಯಾಲರಂಟ್ ಹಗುರ ಆಟ. ಯುಎಚ್‌ಡಿ 770ರಲ್ಲಿ ಸೆಟ್ಟಿಂಗ್ ಕಡಿಮೆ ಇಟ್ಟುಕೊಂಡು ಆಡಬಹುದು. ಜಿಟಿಎ ಕಣ್ಣು ತುಂಬ ಆಡಬೇಕಾದರೆ ಕಾರ್ಡ್ ಬೇಕೇ ಬೇಕು. ಅದನ್ನು ಹನ್ನೆರಡನೆಯ ಪರೀಕ್ಷೆ ಮುಗಿದ ಮೇಲೆ ತರೋಣ ಅಂತ ಅವನಿಗೆ ಈಗಲೇ ಮಾತು ಕೊಡಿ. ಕೊಟ್ಟ ಮಾತು ಉಳಿಸಿಕೊಳ್ಳಿ ಕೂಡ. ಆಗ ಆರ್‌ಟಿಎಕ್ಸ್ 5060 ಅಥವಾ ಆ ಹೊತ್ತಿಗೆ ಅದರ ಜಾಗಕ್ಕೆ ಬಂದದ್ದನ್ನು ನೋಡಿ. 8 ಜಿಬಿಗಿಂತ ಕಡಿಮೆ ಮೆಮೊರಿಯ ಹೊಸ ಕಾರ್ಡಿಗೆ ದುಡ್ಡು ಹಾಕಬೇಡಿ. 5060 ಟಿಐ ಎರಡು ಬಗೆಯಲ್ಲಿ ಬರುತ್ತದೆ, 8 ಜಿಬಿ ಮತ್ತು 16 ಜಿಬಿ. ಹೆಚ್ಚು ಕಾಲ ಇಟ್ಟುಕೊಳ್ಳುವ ಮನಸ್ಸಿದ್ದರೆ 16ರದ್ದು. ಬರೀ ಆಟಕ್ಕಾದರೆ ಎಎಂಡಿಯ ಆರ್‌ಎಕ್ಸ್ 7600 ಕೂಡ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಮಗ ಮುಂದೆ ಇಂಜಿನಿಯರಿಂಗ್‌ನಲ್ಲಿ ಎಐ ಕಲಿಯುವ ಆಸೆ ಇಟ್ಟುಕೊಂಡಿದ್ದರೆ ಎನ್‌ವಿಡಿಯಾವೇ ಸುಲಭ, ಆ ಲೋಕದ ಸಾಫ್ಟ್‌ವೇರ್ ಹೆಚ್ಚಿನದು ಅದರ 'ಕುಡಾ' (CUDA) ಅನ್ನುವ ತಂತ್ರಾಂಶದ ಮೇಲೆ ನಿಂತಿದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗಕ್ಕೆ ಸಿಕ್ಕರೂ ನಿಮಗೆ ಬೇಡ. ಅದರಲ್ಲಿ ವಿಡಿಯೊ ಎನ್‌ಕೋಡ್ ಮಾಡುವ, ಅಂದರೆ ಮಡಚುವ, ಭಾಗವನ್ನೇ ಕೊಟ್ಟಿಲ್ಲ.

ಎಎಂಡಿ ಪ್ರೊಸೆಸರ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಎಡಿಟಿಂಗ್ ಇಲ್ಲದೆ ಬರೀ ಆಟ, ಓದು, ಟ್ಯಾಲಿ ಆಗಿದ್ದರೆ ನಾನು ಎಎಂ5 ಬೋರ್ಡ್ ಮತ್ತು ರೈಜೆನ್ 5 7600 ಅನ್ನೇ ಹೇಳುತ್ತಿದ್ದೆ. ಆ ಸಾಕೆಟ್ಟಿಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕನಿಷ್ಠ 2027ರ ತನಕ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಮೂರು ವರ್ಷ ಬಿಟ್ಟು ಬೋರ್ಡ್ ಅದೇ ಇಟ್ಟುಕೊಂಡು ಪ್ರೊಸೆಸರ್ ಬದಲಿಸಬಹುದು. 12ರಿಂದ 14ನೇ ಜನರೇಶನ್ನಿನ ಇಂಟೆಲ್ ಬೋರ್ಡಿಗೆ ಆ ಭಾಗ್ಯ ಇಲ್ಲ, 14ಕ್ಕೇ ಅದರ ದಾರಿ ಮುಗಿಯಿತು. ಕಾರ್ಡ್ ಕೊಳ್ಳುವ ಯೋಚನೆಯೇ ಇಲ್ಲದವರಿಗೆ 8600ಜಿ ಚೆನ್ನ, ಒಳಗಿನ ಗ್ರಾಫಿಕ್ಸ್‌ನಲ್ಲೇ ಆಟ ಆಡಬಹುದು. ನಿಮ್ಮದು ಕ್ಯಾಮೆರಾದ ಕೆಲಸ, ಪ್ರೀಮಿಯರ್‌ನ ಕೆಲಸ. ಅಲ್ಲಿ ಕ್ವಿಕ್ ಸಿಂಕ್ ಗೆಲ್ಲುತ್ತದೆ.

ಕೆ ಅಕ್ಷರದ ಪ್ರೊಸೆಸರ್‌ಗಳ ಬಗ್ಗೆ ಎರಡು ಮಾತು. ಅವು ಓವರ್‌ಕ್ಲಾಕ್ ಮಾಡುವವರಿಗೆ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವವರಿಗೆ, ಡಬ್ಬಿಯಲ್ಲಿ ಕೂಲರ್ ಕೂಡ ಬರುವುದಿಲ್ಲ. ಐ5-13600ಕೆ ಮತ್ತು ಅದಕ್ಕಿಂತ ಮೇಲಿನ 13, 14ನೇ ಜನರೇಶನ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಏರಿ ಮಷೀನ್ ಕೆಟ್ಟು ನಿಲ್ಲುವ ತೊಂದರೆಯನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಮೂಲಕ ಸರಿಪಡಿಸಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. 14500 ಆ ಪಟ್ಟಿಯಲ್ಲಿ ಇಲ್ಲ. ಆದರೂ ಬೋರ್ಡಿಗೆ ಹೊಸ ಬಯೋಸ್ ಹಾಕಿಸಿಕೊಂಡೇ ತನ್ನಿ.

ಬೋರ್ಡ್ ಬಿ760 ಇರಲಿ, ನಾಲ್ಕು ರ‍್ಯಾಮ್ ಸ್ಲಾಟ್ ಇರುವುದು. ಎಚ್610 ಬೋರ್ಡುಗಳಲ್ಲಿ ಎರಡೇ ಸ್ಲಾಟ್. ರ‍್ಯಾಮ್ ಬೆಲೆ 2025ರ ಕೊನೆಯಿಂದ ಬಹಳ ಏರಿದೆ, ಎಐ ಸರ್ವರುಗಳಿಗೆ ಮೆಮೊರಿ ಹೋಗುತ್ತಿರುವುದೇ ಕಾರಣ. ಎಡಿಟಿಂಗಿಗೆ 32 ಜಿಬಿ ಚೆಂದ. ಈಗ ಕೈಗೆಟುಕದಿದ್ದರೆ 16ರಲ್ಲಿ ಶುರು ಮಾಡಿ. ಆದರೆ 8ರ ಎರಡು ಕಡ್ಡಿ ಕೊಡಿ ಅಂತ ಕೇಳಿ. ಅಂಗಡಿಯವರಿಗೆ 16ರ ಒಂದೇ ಕಡ್ಡಿ ಹಾಕಿ ಕಳಿಸುವುದು ಅಭ್ಯಾಸ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ಮಾಹಿತಿ ಓಡಾಡುತ್ತದೆ. ಒಂದೇ ಇದ್ದರೆ ದಾರಿ ಅರ್ಧ. ಈ ಪ್ರೊಸೆಸರ್‌ಗಳಿಗೆ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಎರಡರ ಒಟ್ಟು ಬೆಲೆ ಕೇಳಿ ಕಡಿಮೆಯದನ್ನು ಹಿಡಿಯಿರಿ, ನಿಮ್ಮ ಕೆಲಸಕ್ಕೆ ದೊಡ್ಡ ವ್ಯತ್ಯಾಸ ಆಗದು.

ಎಸ್‌ಎಸ್‌ಡಿ 1 ಟಿಬಿ ಬೇಕೇ ಬೇಕು. 4ಕೆ ವಿಡಿಯೊ 100 ಎಂಬಿಪಿಎಸ್‌ನಲ್ಲಿ ರೆಕಾರ್ಡ್ ಆದರೆ ಗಂಟೆಗೆ 45 ಜಿಬಿ. ಮೂರು ಗಂಟೆಯ ಒಂದು ಪ್ರಸಂಗ, ಎರಡು ಕ್ಯಾಮೆರಾ ಅಂದರೆ 270 ಜಿಬಿ. ಆ 512ರ ಎಸ್‌ಎಸ್‌ಡಿಯಲ್ಲಿ ಒಂದೇ ಪ್ರಸಂಗಕ್ಕೆ ಅರ್ಧಕ್ಕಿಂತ ಹೆಚ್ಚು ಜಾಗ ಹೋಗುತ್ತಿತ್ತು. ಮುಗಿದ ಎಡಿಟಿಂಗನ್ನು ಹಳೆ ಹಾರ್ಡ್ ಡಿಸ್ಕಿಗೆ ಸಾಗಿಸಿ.

ಪವರ್ ಸಪ್ಲೈ ವಿಷಯದಲ್ಲಿ ಚೌಕಾಸಿ ಬೇಡ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ '500 ವ್ಯಾಟ್' ಡಬ್ಬವನ್ನು ನಂಬಬೇಡಿ. ಒಳ್ಳೆಯ ಕಂಪನಿಯ 550 ವ್ಯಾಟ್, '80 ಪ್ಲಸ್ ಬ್ರಾಂಜ್' ಅನ್ನುವ ದಕ್ಷತೆಯ ಮುದ್ರೆ ಇರುವುದು ತೆಗೆದುಕೊಳ್ಳಿ. 5060 ಕಾರ್ಡ್ 145 ವ್ಯಾಟ್ ತಿನ್ನುತ್ತದೆ, ನಾಳೆ ಅದನ್ನು ಹಾಕಿದಾಗ ಇದೇ ಸಾಕಾಗುತ್ತದೆ. ನಿಮ್ಮ ಕಡೆ ಮಹಾವಿತರಣದ ಕರೆಂಟು ಮಳೆಗಾಲದಲ್ಲಿ ಹೋಗಿ ಬಂದು ಮಾಡಿದರೆ ಯುಪಿಎಸ್ ಕೂಡ ಬೇಕು. ಮಾಮೂಲಿ 600 ವಿಎ ಯುಪಿಎಸ್ ಈಗಿನ ಮಷೀನಿಗೆ ನಡೆಯುತ್ತದೆ. ಕಾರ್ಡ್ ಬಂದ ಮೇಲೆ 1000 ವಿಎ ಇರಲಿ.

ಲ್ಯಾಮಿಂಗ್ಟನ್ ರೋಡಿಗೆ ಕೆಲಸದ ದಿನ ಹೋಗಿ. ದಾದರ್‌ನಲ್ಲಿ ವೆಸ್ಟರ್ನ್ ಲೈನ್ ಹಿಡಿದರೆ ಗ್ರಾಂಟ್ ರೋಡ್ ಸ್ಟೇಶನ್ನಿನಿಂದ ನಡೆಯುವಷ್ಟು ಹತ್ತಿರ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಕನಿಷ್ಠ ಮೂರು ಅಂಗಡಿಯಲ್ಲಿ ಇದೇ ಪಟ್ಟಿ ಕೊಟ್ಟು ದರ ಬರೆಸಿಕೊಳ್ಳಿ. ಪ್ರೊಸೆಸರ್ ಸೀಲ್ ಆದ ಡಬ್ಬಿಯಲ್ಲೇ ಬೇಕು. 'ಟ್ರೇ ಪೀಸ್ ಇದೆ, ಅದೇ ಚಿಪ್, ಕಡಿಮೆಗೆ ಕೊಡುತ್ತೇನೆ' ಅಂದರೆ ಬೇಡ ಅನ್ನಿ, ಅದು ಡಬ್ಬಿಯಿಲ್ಲದೆ ಬರುವ ಬಿಡಿ ಚಿಪ್. ಡಬ್ಬಿಯದ್ದಕ್ಕೆ ಇಂಟೆಲ್ ಮೂರು ವರ್ಷ ವಾರಂಟಿ ಕೊಡುತ್ತದೆ, ಟ್ರೇ ಪೀಸಿಗೆ ಗ್ರಾಹಕರು ನೇರವಾಗಿ ಕೇಳುವಂತಿಲ್ಲ. ಜಿಎಸ್‌ಟಿ ಉಳಿಸಲು ಕಚ್ಚಾ ಬಿಲ್ ಕೊಡುತ್ತೇವೆ ಅನ್ನುತ್ತಾರೆ. 18% ಅಂದರೆ ದೊಡ್ಡ ಮೊತ್ತವೇ, ಆಸೆಯಾಗುತ್ತದೆ. ಆದರೆ ಪಕ್ಕಾ ಬಿಲ್, ಅದರಲ್ಲಿ ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಇಲ್ಲದಿದ್ದರೆ ನಾಳೆ ಕೆಟ್ಟಾಗ ಕೇಳುವವರೇ ಇರುವುದಿಲ್ಲ.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಮಷೀನ್ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು ಬಲಗಡೆ ಮೇಲೆ ಕಾಣುತ್ತದೆ. ಬಿಲ್ಲಿನ ಜೊತೆ ತಾಳೆ ನೋಡಿ. ಅಲ್ಲೇ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ತುಂಬಿದೆ, ಯಾವ ವೇಗದಲ್ಲಿ ಓಡುತ್ತಿದೆ ಅಂತಲೂ ಬರುತ್ತದೆ. ಕಡ್ಡಿಯ ಮೇಲೆ ಬರೆದ ವೇಗಕ್ಕಿಂತ ಕಡಿಮೆ ತೋರಿಸಿದರೆ ಬಯೋಸ್‌ನಲ್ಲಿ ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಿಕೊಡಲು ಹೇಳಿ.

ಮುಂದೆ ಕಾರ್ಡ್ ಹಾಕಿದ ದಿನ ಎರಡು ಕೆಲಸ ಮರೆಯಬೇಡಿ. ಮಾನಿಟರ್ ಕೇಬಲನ್ನು ಬೋರ್ಡಿನಿಂದ ತೆಗೆದು ಕಾರ್ಡಿಗೆ ಚುಚ್ಚಿ. ಬೋರ್ಡಿನಲ್ಲೇ ಬಿಟ್ಟು 'ಕಾರ್ಡ್ ಹಾಕಿದರೂ ಆಟ ಓಡುತ್ತಿಲ್ಲ' ಅಂತ ಅಂಗಡಿಗೆ ವಾಪಸ್ ಹೊತ್ತುಕೊಂಡು ಹೋದವರು ಬಹಳ ಜನ. ಇನ್ನೊಂದು, ಕಾರ್ಡ್ ಬಂದಾಗ ಕೆಲವು ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ತಾವಾಗಿಯೇ ಮಲಗಿಸುತ್ತವೆ. ಬಯೋಸ್‌ಗೆ ಹೋಗಿ ಅದನ್ನು ಮತ್ತೆ ಎಬ್ಬಿಸಿ, ಹಲವು ಬೋರ್ಡುಗಳಲ್ಲಿ 'ಐಜಿಪಿಯು ಮಲ್ಟಿ ಮಾನಿಟರ್' ಅಂತ ಇರುತ್ತದೆ. ನಂತರ ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ತೆರೆದು, ಹಾರ್ಡ್‌ವೇರ್ ಡಿಕೋಡಿಂಗ್ ಸಾಲಿನಲ್ಲಿ ಇಂಟೆಲ್‌ಗೆ ಟಿಕ್ ಇದೆಯಾ ನೋಡಿ, ಪ್ರೀಮಿಯರ್ ಮುಚ್ಚಿ ತೆರೆಯಿರಿ. ಆಗ ವಿಡಿಯೊ ಬಿಚ್ಚುವುದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್, ಬಣ್ಣ ಮತ್ತು ಎಫೆಕ್ಟ್ ನೋಡಿಕೊಳ್ಳುವುದು ಕಾರ್ಡ್.